ಒಗ್ಗರಣೆ ಇಲ್ಲದ ಮನೆ

ಮನೆಮನೆ ಬಾಗಿಲು ತಟ್ಟಿ ಲಸಿಕೆ ಹಾಕುವ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗಿಯರೇ, ನಿಮಗೆ ತರಬೇತಿಯಲ್ಲಿ ಕಣ್ಣು ತೆರೆದು ನೋಡಿ ಎಂದು ಹೇಳಿರುತ್ತಾರೆ, ಕಿವಿಗೊಟ್ಟು ಕೇಳಿ ಎಂದೂ ಹೇಳಿರುತ್ತಾರೆ. ಮೂಗಿನ ವಿಚಾರ ಯಾರೂ ಹೇಳಿರಲಾರರು. ಅದನ್ನು ನಾನು ಹೇಳುತ್ತೇನೆ. ನನ್ನ ನೌಕರಿಯಲ್ಲಿ ನಾನು ಮಾಡಿದ ಅತಿ ದೊಡ್ಡ ಎಡವಟ್ಟು ಮೂಗನ್ನು ನಂಬದೆ ಆದದ್ದು. ಅದೂ ಎಲ್ಲಿ? ಕತ್ರಿಗುಪ್ಪೆಯ ಒಂದು ಸಣ್ಣ ಬೀದಿಯಲ್ಲಿ, ಮುನಿಯಮ್ಮ ಎಂಬ ಮುದುಕಿಯ ಮನೆ ಮುಂದೆ. ಬಡ್ತಿ ಸಿಕ್ಕ ದಿನ ಏನು ತಿಂಡಿ ಹಂಚಿದೆ ಎಂಬುದು ನನಗೆ ಮರೆತುಹೋಗಿದೆ. ಆ ಮನೆಯ ಜಗಲಿ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮೊನ್ನೆ ಕೊರೊನಾ ಕಾಲದಲ್ಲಿ ನಮ್ಮ ಕಟ್ಟಡದ ವಾಚ್‌ಮನ್ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಬಂದು, "ಮೇಡಂ, ಈ ಇಂಜೆಕ್ಷನ್ ತಗೊಂಡೋರಿಗೆ ಮಕ್ಕಳಾಗಲ್ವಂತೆ, ಮೊಬೈಲಲ್ಲಿ ಬಂದದೆ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಇದೇ ಮಾತನ್ನು ನಾನು ಎಪ್ಪತ್ತರ ದಶಕದಲ್ಲಿ ಬೀದಿ ನಲ್ಲಿಯ ಹತ್ತಿರ ಕೇಳಿದ್ದೆ. ಆಗ ಸುದ್ದಿ ಬಿಂದಿಗೆ ತುಂಬುವಷ್ಟರಲ್ಲಿ ಹರಡುತ್ತಿತ್ತು, ಈಗ ಇನ್ನೂ ಬೇಗ ಹರಡುತ್ತದೆ. ಜನ ಅದೇ ಜನ, ಭಯ ಅದೇ ಭಯ.

ನನ್ನ ಹೆಸರು ವಿಶಾಲಾಕ್ಷಿ. ಆದರೆ ನಾನು ಓಡಾಡಿದ ಬೀದಿಗಳಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದಿಲ್ಲ. ಸಿಡುಬಿನ ಲಸಿಕೆಗೆ ಆಗ ದಾಕು ಎನ್ನುತ್ತಿದ್ದರು. ದಾಕು ಹಾಕುವವಳು ದಾಕಮ್ಮ. ಎರಡು ಹಲ್ಲಿನ ಪುಟ್ಟ ಸೂಜಿಯನ್ನು ಮದ್ದಿನಲ್ಲಿ ಅದ್ದಿ, ತೋಳಿನ ಮೇಲೆ ಒಂದೇ ಜಾಗದಲ್ಲಿ ಚುಕುಚುಕು ಎಂದು ಹತ್ತಾರು ಸಲ ಚುಚ್ಚಬೇಕು. ಆಮೇಲೆ ಅದು ಬಾತು, ಕೀವಾಗಿ, ಒಣಗಿ, ಒಂದು ಗುಂಡನೆಯ ಕಲೆ ಉಳಿಯುತ್ತದೆ. ನಿಮ್ಮ ಅಜ್ಜಿಯರ ತೋಳು ನೋಡಿ, ಇದ್ದೇ ಇರುತ್ತದೆ. ನಾನು ಶಾಲೆಯ ಗೇಟಿನೊಳಗೆ ಕಾಲಿಟ್ಟರೆ ಹುಡುಗರು ಹಿಂದಿನ ಕಾಂಪೌಂಡ್ ಹಾರುತ್ತಿದ್ದರು. ಕೆಲವು ತಾಯಂದಿರು ನನ್ನೆದುರು ನಗುನಗುತ್ತ ಮಗುವಿನ ತೋಳು ಕೊಟ್ಟು, ನಾನು ಬೀದಿ ತಿರುಗುವ ಮೊದಲೇ ಬಟ್ಟೆ ಸೋಪು ಹಾಕಿ ಮದ್ದನ್ನು ಉಜ್ಜಿ ತೆಗೆದುಬಿಡುತ್ತಿದ್ದರು. ಜಯನಗರದಿಂದ ಬನಶಂಕರಿ, ಅಲ್ಲಿಂದ ಹೊಲ ದಾಟಿ ಕತ್ರಿಗುಪ್ಪೆ, ಇದು ನನ್ನ ಸುತ್ತು. ಹೆಗಲಿಗೆ ಚೀಲ, ಕೈಯಲ್ಲಿ ಮಂಜುಗಡ್ಡೆ ತುಂಬಿದ ಫ್ಲಾಸ್ಕು.

ಆ ಫ್ಲಾಸ್ಕಿನ ಮಂಜುಗಡ್ಡೆ ಮಧ್ಯಾಹ್ನಕ್ಕೆಲ್ಲ ನೀರಾಗುತ್ತಿತ್ತು. ಮದ್ದು ತಂಪಾಗಿರಬೇಕಲ್ಲ! ಅದಕ್ಕಾಗಿ ಜಯನಗರ ಮೂರನೇ ಬ್ಲಾಕಿನ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಮನೆ ಹುಡುಕಿಕೊಂಡಿದ್ದೆ. ಅವರ ಮನೆಯಲ್ಲಿ ಫ್ರಿಜ್ಜೂ ಇತ್ತು, ಫೋನೂ ಇತ್ತು. ಜೊತೆಗೆ ಅಭಿಪ್ರಾಯಗಳೂ ಬೇಕಾದಷ್ಟು ಇದ್ದವು.

"ಇದು ಕರುವಿನ ಮೈಯಿಂದ ತೆಗೆದದ್ದು ಅಲ್ವೇನ್ರೀ?" ಎಂದು ಮೊದಲನೇ ದಿನವೇ ಕೇಳಿದರು.

"ಹೌದು ಸಾರ್."

"ಹಾಗಾದ್ರೆ ನಮ್ಮ ಮನೆ ಮಕ್ಕಳಿಗೆ ಬೇಡ. ದೇಹಕ್ಕೆ ಅದರದ್ದೇ ರೆಸಿಸ್ಟೆನ್ಸ್ ಇರತ್ತೆ. ನಾನು ಇದನ್ನೆಲ್ಲ ಓದಿದೀನಿ."

"ಆಯ್ತು ಸಾರ್. ಮದ್ದನ್ನ ಫ್ರಿಜ್ಜಲ್ಲಿ ಇಡಬಹುದಾ?"

"ಧಾರಾಳವಾಗಿ ಇಡಿ. ಮೊಸರಿನ ಪಾತ್ರೆಗೆ ತಾಗದ ಹಾಗೆ, ಕೆಳಗಡೆ."

ಮದ್ದು ಅವರ ಫ್ರಿಜ್ಜಿಗೆ ಹೋಗಬಹುದು, ಅವರ ಮೊಮ್ಮಕ್ಕಳ ಮೈಗೆ ಹೋಗಬಾರದು! ಕೊಳೆಗೇರಿಯವರು ಓದಿಲ್ಲದ್ದರಿಂದ ಹೆದರುತ್ತಾರೆ ಎಂದು ನಮ್ಮ ಕಚೇರಿಯಲ್ಲಿ ಮಾತನಾಡಿಕೊಳ್ಳುತ್ತಿದ್ದರು. ನಾನು ಕಂಡ ಹಾಗೆ ಓದಿದವರು ಓದಿದ ಕಾರಣ ಕೊಟ್ಟು ಹೆದರುತ್ತಿದ್ದರು, ಅಷ್ಟೇ ವ್ಯತ್ಯಾಸ.

ಈಗ ತುರ್ತು ಪರಿಸ್ಥಿತಿಯ ದಿನಗಳಿಗೆ ಬರುತ್ತೇನೆ. ಆಗ ಕುಟುಂಬ ಯೋಜನೆಯ ಆಪರೇಷನ್‌ಗೆ ಜನರನ್ನು ಒಪ್ಪಿಸಿ ತರಬೇಕೆಂದು ನಮಗೂ ಗುರಿ ಕೊಟ್ಟಿದ್ದರು. ಬೆಳಗ್ಗೆ ಗಂಡಸರನ್ನು ಆಪರೇಷನ್ ಕ್ಯಾಂಪಿಗೆ ಕರೆಯಲು ಹೋಗುತ್ತಿದ್ದವಳು ನಾನೇ, ಮಧ್ಯಾಹ್ನ ಅದೇ ಮನೆಯ ಮಕ್ಕಳಿಗೆ ಸೂಜಿ ಹಿಡಿದು ಹೋಗುತ್ತಿದ್ದವಳೂ ನಾನೇ. ಚೀಲವೂ ಅದೇ. ಮಕ್ಕಳಿಗೆ ಹಾಕುವುದೂ ಸಂತಾನ ನಿಲ್ಲಿಸುವ ಸೂಜಿಯೇ ಎಂದು ಯಾರೋ ನಲ್ಲಿ ಹತ್ತಿರ ಹೇಳಿದರು, ಎಲ್ಲರೂ ನಂಬಿದರು. ಅದು ಶುದ್ಧ ಸುಳ್ಳು. ಆದರೆ ಹುಡುಗಿಯರೇ, ಆ ಸುಳ್ಳಿಗೆ ಕಾಲು ಕೊಟ್ಟವರು ನಾವೇ ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು.

ಆ ದಿನಗಳಲ್ಲೇ ಒಂದು ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಮುನಿಯಮ್ಮನ ಬೀದಿಗೆ ಹೋದೆ. ತಿರುವಿನಲ್ಲೇ ನಿಂತುಬಿಟ್ಟೆ. ಹನ್ನೊಂದು ಮನೆಯ ಬೀದಿ ಅದು. ಹನ್ನೊಂದು ಬಾಗಿಲಿಗೂ ಬೇವಿನ ಸೊಪ್ಪು!

ಬೇವಿನ ಸೊಪ್ಪು ಕಟ್ಟಿದ ಮನೆ ಎಂದರೆ ಅಮ್ಮ ಬಂದ ಮನೆ. ಸಿಡುಬಾಗಲಿ, ದಡಾರವಾಗಲಿ, ಮೈಮೇಲೆ ಗುಳ್ಳೆ ಎದ್ದರೆ ಅದು ಕಾಯಿಲೆಯಲ್ಲ, ದೇವಿಯೇ ಮನೆಗೆ ಬಂದಿದ್ದಾಳೆ ಎಂದು ಲೆಕ್ಕ. ಹೊರಗಿನವರು ಹೊಸಿಲು ದಾಟುವಂತಿಲ್ಲ. ಮನೆಯವರು ತಲೆ ಬಾಚುವಂತಿಲ್ಲ. ಅಮ್ಮನಿಗೆ ಕಾವು, ಘಾಟು ಆಗದು, ಆದ್ದರಿಂದ ಒಗ್ಗರಣೆ ಹಾಕುವಂತಿಲ್ಲ, ಏನನ್ನೂ ಕರಿಯುವಂತಿಲ್ಲ. ಮೊಸರನ್ನ, ಅಂಬಲಿ, ಎಳನೀರು, ಅಷ್ಟೇ. ಈ ಶಾಸ್ತ್ರವೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು, ನಮ್ಮಮ್ಮನ ಮನೆಯಲ್ಲೂ ನಡೆಸುತ್ತಿದ್ದರು.

ಜಗಲಿಯ ಮೇಲೆ ಮುನಿಯಮ್ಮ ಕಾಲು ಚಾಚಿ ಕೂತಿದ್ದಳು. ಬೀದಿಗೆ ಯಜಮಾನಿ ಎಂದರೆ ಅವಳೇ.

"ಅಲ್ಲೇ ನಿಂತ್ಕೊ ದಾಕಮ್ಮ. ಅಮ್ಮ ಬಂದವ್ಳೆ. ಒಳಕ್ಕೆ ಬರಬ್ಯಾಡ."

"ಯಾರಿಗೆ ಅಜ್ಜಿ? ಎಷ್ಟು ದಿನ ಆಯ್ತು?"

"ಎಲ್ಲಾರ್ಗೂ. ಬೀದಿಗೆಲ್ಲಾ ಬಂದವ್ಳೆ. ಓಗವ್ವಾ ಓಗು, ನಿನ್ನ ಸೂಜಿ ಕಂಡ್ರೆ ಅವ್ಳು ಇನ್ನೂ ಮುನೀತಾಳೆ."

ಅಷ್ಟರಲ್ಲಿ ನನಗೆ ಜೋರಾಗಿ ಒಂದು ಸೀನು ಬಂತು. ಮೂರು ಸಲ ಸೀನಿದೆ. ಹೊಲದ ಧೂಳು ಎಂದುಕೊಂಡೆ. ಮೂಗು ಹೇಳಿದ್ದನ್ನು ಕೇಳದ ಎಡವಟ್ಟು ಅಂದರೆ ಇದೇ ನೋಡಿ.

ದೇಶದಲ್ಲಿ ಸಿಡುಬು ಮುಗಿಯಿತು, ಎಲ್ಲೇ ಒಂದು ಗುಳ್ಳೆ ಕಂಡರೂ ತಕ್ಷಣ ತಿಳಿಸಿ ಎಂದು ನಮಗೆ ಕಟ್ಟಪ್ಪಣೆ ಇದ್ದ ಕಾಲ ಅದು. ಹನ್ನೊಂದು ಮನೆ! ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಕತ್ರಿಗುಪ್ಪೆಯಿಂದ ಬನಶಂಕರಿಗೆ ಓಡಿ, ಸಿಕ್ಕ ಬಸ್ಸು ಹತ್ತಿ, ಹೆಡ್‌ಮಾಸ್ತರರ ಮನೆಗೆ ನುಗ್ಗಿ ಫೋನು ಎತ್ತಿದೆ. ಏದುಸಿರು ಬಿಡುತ್ತ, "ಸಾರ್, ಸಿಡುಬು! ಕತ್ರಿಗುಪ್ಪೆ! ಬೀದಿಗೆ ಬೀದಿಯೇ!" ಎಂದು ಕೂಗಿದೆ. ಫೋನಿನ ಆ ಕಡೆ ಇದ್ದವರು ನಮ್ಮ ಹಿರಿಯ ಇನ್‌ಸ್ಪೆಕ್ಟರ್ ನಂಜುಂಡಯ್ಯನವರು. ಫೋನಿನ ಈ ಕಡೆ, ಪೇಪರ್ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನಿಂತಿದ್ದವರು ಹೆಡ್‌ಮಾಸ್ತರರು.

ಸಂಜೆಯ ಹೊತ್ತಿಗೆ ಜಯನಗರದಲ್ಲೆಲ್ಲ ಸಿಡುಬಿನ ಸುದ್ದಿ. ನಾಲ್ಕನೇ ಬ್ಲಾಕಿನ ಅಂಗಡಿಗಳಲ್ಲಿ ಅದೇ ಮಾತು. ಮರುದಿನ ಬೆಳಗ್ಗೆ ನಮ್ಮ ಕಚೇರಿ ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿತ್ತು. ಸಾಲಿನಲ್ಲಿ ಮೊದಲು ಯಾರು? ಇಬ್ಬರು ಮೊಮ್ಮಕ್ಕಳನ್ನು ಕೈಹಿಡಿದು, ತಾವೂ ಜುಬ್ಬದ ತೋಳು ಮಡಿಸಿಕೊಂಡು, ನಮ್ಮ ಹೆಡ್‌ಮಾಸ್ತರರು!

"ಸಾರ್, ರೆಸಿಸ್ಟೆನ್ಸ್..." ಎಂದೆ, ಬಾಯಿ ಸುಮ್ಮನಿರದೆ.

"ಈಗ ಅದೆಲ್ಲ ಯಾಕ್ರೀ? ಬೇಗ ಹಾಕಿ" ಎಂದರು.

ಇತ್ತ ದೊಡ್ಡ ಕಚೇರಿಯಿಂದ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಅವರು, ನಂಜುಂಡಯ್ಯನವರು, ನಾನು, ಮೂವರೂ ಕತ್ರಿಗುಪ್ಪೆಗೆ ಹೊರಟೆವು. ಬೀದಿಯ ತುದಿಯಲ್ಲಿ ಇಳಿದು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೆವು. ಸಾಹೇಬರು ರಿಜಿಸ್ಟರ್ ತೆಗೆದು, "ಒಂದನೇ ಮನೆಯಿಂದ ಶುರು ಮಾಡಿ" ಎಂದು ಗಂಭೀರವಾಗಿ ಹೇಳಿದರು. ನಂಜುಂಡಯ್ಯನವರಿಗೆ ನಶ್ಯದ ಚಟ. ಎಂಥ ಆಪತ್ತಿನಲ್ಲೂ ಒಂದು ಚಿಟಿಕೆ ಏರಿಸದಿದ್ದರೆ ಅವರಿಗೆ ತಲೆ ಓಡದು. ಅವರು ಪಕ್ಕಕ್ಕೆ ತಿರುಗಿ, ಬಟ್ಟೆ ಕೆಳಗೆ ಇಳಿಸಿ, ಡಬ್ಬಿ ತೆಗೆದವರು ಹಾಗೇ ನಿಂತುಬಿಟ್ಟರು. ಗಾಳಿಯನ್ನು ಎಳೆದೆಳೆದು ಮೂಸಿದರು.

"ವಿಶಾಲಾಕ್ಷಮ್ಮ, ಬಟ್ಟೆ ಸ್ವಲ್ಪ ಇಳಿಸಿ. ಏನು ವಾಸನೆ ಬರ್ತಿದೆ ಹೇಳಿ."

ನಾನು ಇಳಿಸಿದೆ. ಸೀನಿದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಸಾಸಿವೆ! ಒಂದು ಮನೆಯಿಂದಲ್ಲ, ಬೇವು ಕಟ್ಟಿದ ಅಷ್ಟೂ ಮನೆಗಳಿಂದ!

"ಅಮ್ಮ ಬಂದ ಮನೇಲಿ ಯಾವತ್ತು ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ರು ತಾಯಿ?" ಎಂದು ಮೆಲ್ಲಗೆ ಕೇಳಿದರು ನಂಜುಂಡಯ್ಯನವರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದಾಕಮ್ಮ ಬೇವು ಕಂಡರೆ ಒಳಗೆ ಬರುವುದಿಲ್ಲ ಎಂದು ಮುನಿಯಮ್ಮ ಉಪಾಯ ಹೂಡಿ ಬೀದಿಗೆಲ್ಲ ಸೊಪ್ಪು ಹಂಚಿದ್ದಳು. ಮಕ್ಕಳು ಹಿತ್ತಿಲಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು, ಒಬ್ಬರ ಮೈಮೇಲೂ ಒಂದು ಸೊಳ್ಳೆ ಕಚ್ಚಿದ ಗುರುತು ಕೂಡ ಇರಲಿಲ್ಲ. ಸಾಹೇಬರು ಬೀದಿಯಲ್ಲೇ ನನ್ನನ್ನು ಬಯ್ದರು. "ಒಳಗೆ ಹೋಗಿ ಒಂದು ಮಗು ನೋಡೋಕಾಗಲಿಲ್ವೇನ್ರೀ ನಿಮಗೆ? ಇಡೀ ಆಫೀಸು ಎದ್ದು ಕೂರೋ ಹಾಗೆ ಮಾಡಿದ್ರಲ್ಲ!" ಎಂದರು. ನನಗೆ ಮೆಮೊ ಕೊಡುತ್ತೇನೆಂದು ಹೇಳಿ ಜೀಪು ಹತ್ತಿದರು, ಕೊಟ್ಟರು ಕೂಡ. ನಂಜುಂಡಯ್ಯನವರು ಮಾತ್ರ ಜೀಪು ಹತ್ತಲಿಲ್ಲ. ಹೋಗಿ ಮುನಿಯಮ್ಮನ ಜಗಲಿಯ ಮೇಲೆ ಕೂತರು.

"ಏನಜ್ಜಿ ಸಾರು ಇವತ್ತು?"

"ಹುರುಳಿಕಾಳು" ಎಂದಳು ಮುನಿಯಮ್ಮ. ಅವಳ ಮುಖ ಮೊದಲ ಸಲ ಸಣ್ಣದಾಗಿತ್ತು.

"ನಮಗೂ ಎರಡು ಮುದ್ದೆ ಹಾಕಿ ಹಾಗಾದ್ರೆ. ಸುಳ್ಳು ಹೇಳಿ ಅಷ್ಟು ದೂರದಿಂದ ಓಡಿಸಿದೀರಿ."

ಉಂಡೆವು. ಉಣ್ಣುವಾಗ ಮುನಿಯಮ್ಮ ಸೂಜಿಯ ಬಗ್ಗೆ ಒಂದೊಂದೇ ಕೇಳಿದಳು, ಅವರು ಒಂದೊಂದಕ್ಕೇ ಉತ್ತರ ಹೇಳಿದರು. "ಆಪರೇಷನ್‌ಗೆ ಬರೋಳೂ ಇವ್ಳೇ, ದಾಕಿಗೆ ಬರೋಳೂ ಇವ್ಳೇ, ನಾವು ಏನಂತ ತಿಳ್ಕೊಳ್ಳಾನ?" ಎಂದಾಗ ಮಾತ್ರ ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಅದು ನಮ್ಮ ತಪ್ಪಜ್ಜಿ" ಎಂದರು. ಸರ್ಕಾರಿ ನೌಕರನೊಬ್ಬ ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಾರನೆಯ ವಾರದಿಂದ ಕ್ಯಾಂಪಿನ ಕೆಲಸಕ್ಕೆ ಆ ಬೀದಿಗೆ ನನ್ನನ್ನು ಕಳಿಸದೆ ಬೇರೆಯವರನ್ನು ಹಾಕಿದರು. ನಿಧಾನವಾಗಿ ಒಂದೊಂದೇ ಬಾಗಿಲು ತೆರೆಯಿತು. ಹೆಡ್‌ಮಾಸ್ತರರು ಮಾತ್ರ ಬಹಳ ದಿನ ನನ್ನ ಮೇಲೆ ಮುನಿಸಿಕೊಂಡೇ ಇದ್ದರು. "ಸುಳ್ಳು ಸುದ್ದಿ ನಂಬಿ ದಾಕು ಹಾಕಿಸ್ಕೊಂಡೆನಲ್ರೀ ನಾನು! ಅದೂ ಸುದ್ದಿ ತಂದೋರು ನೀವು!" ಎನ್ನುತ್ತಿದ್ದರು. ಅವರ ತೋಳಿನ ದಾಕು ಬಹಳ ಚೆನ್ನಾಗಿ ಬಾತು ಒಣಗಿತ್ತು.

ಎಂಬತ್ತರ ದಶಕ ಬರುವ ಹೊತ್ತಿಗೆ ದಾಕು ನಿಂತೇ ಹೋಯಿತು. ಎರಡು ಹಲ್ಲಿನ ಸೂಜಿ ಹೋಗಿ ಗಾಜಿನ ಸಿರಿಂಜು ಬಂತು. ಬೆಳಗ್ಗೆ ಎದ್ದು ಅದನ್ನು ಸ್ಟೌವ್ ಮೇಲೆ ಕುದಿಸುವುದೇ ಒಂದು ಅಡುಗೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಒಂದೇ ಚುಚ್ಚುಮದ್ದು. ಪೋಲಿಯೋಗೆ ಬಾಯಿಗೆ ಹನಿ. ಫ್ಲಾಸ್ಕಿನ ಬದಲು ಹೆಗಲಿಗೆ ನೇತುಹಾಕುವ ಐಸಿನ ಡಬ್ಬಿ. ಆದರೆ ನನ್ನ ಹೆಸರು ದಾಕಮ್ಮ ಎಂದೇ ಉಳಿಯಿತು. ಮುನಿಯಮ್ಮನ ಬೀದಿಗೆ ಅಡುಗೆ ಹೊತ್ತಿಗೇ ಹೋಗುತ್ತಿದ್ದೆ. ಮನೆಗೊಂದು ಒಗ್ಗರಣೆ, ಮನೆಗೊಂದು ಸೀನು. "ಬಂದ್ಳು ಬಂದ್ಳು, ಸೀನ್ತಾ ಬಂದ್ಳು" ಎಂದು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ನಾನು ಮುನಿಯಮ್ಮನನ್ನು ಕೆಣಕುತ್ತಿದ್ದೆ, "ಅಜ್ಜಿ, ಇನ್ನೊಂದ್ಸಲ ಬಾಗಿಲಿಗೆ ಬೇವು ಕಂಡ್ರೆ ಜೀಪೇ ತಂದು ನಿಲ್ಲಿಸ್ತೀನಿ ನೋಡಿ!" ಬೀದಿಯೆಲ್ಲ ನಗುತ್ತಿತ್ತು. ಆ ತಮಾಷೆಗೆ ಎಂಥ ಬೆಲೆ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ದಡಾರದ ಲಸಿಕೆ ಬಂತು. ಇದಕ್ಕೆ ಮುನಿಯಮ್ಮ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅವಳ ಮೊಮ್ಮಗಳು ಶೋಭಾ ಆಗ ಒಂದು ವರ್ಷದ ಮಗು, ಅವಳಿಗೆ ಉಳಿದ ಎಲ್ಲ ಸೂಜಿಯನ್ನೂ ಅಜ್ಜಿಯೇ ಹಾಕಿಸಿದ್ದಳು.

"ಕೆಮ್ಮಿಗೆ ಆಕು, ಕಾಲು ಸೋಲೋದಕ್ಕೆ ಹನಿ ಆಕು, ಬ್ಯಾಡ ಅನ್ನಲ್ಲ. ಅವು ರೋಗ. ದಡಾರ ರೋಗವಾ? ಅಮ್ಮ ಅದು. ಅಮ್ಮನ್ನ ಬಾಗಿಲಲ್ಲಿ ತಡ್ಯೋಕೆ ನೀನ್ಯಾರು, ನಾನ್ಯಾರು?"

ಮುನಿಯಮ್ಮ ಬೇಡ ಎಂದಮೇಲೆ ಬೀದಿಯಲ್ಲಿ ಒಬ್ಬರೂ ಹಾಕಿಸಲಿಲ್ಲ.

ಕೆಲವು ತಿಂಗಳು ಕಳೆಯಿತು. ಒಂದು ಬೇಸಿಗೆಯ ಬೆಳಗ್ಗೆ ಎಂದಿನಂತೆ ಆ ಬೀದಿಯಲ್ಲಿ ಹೊರಟೆ. ಮೊದಲ ಮನೆ, ಸೀನು. ಎರಡನೇ ಮನೆ, ಸೀನು. ಮಕ್ಕಳು ಹಿಂದೆ ಬರುತ್ತಿದ್ದವು. ಮುನಿಯಮ್ಮನ ಮನೆ ದಾಟಿದೆ. ಸೀನು ಬರಲಿಲ್ಲ. ಎರಡು ಹೆಜ್ಜೆ ಮುಂದೆ ಹೋದವಳು ಹಿಂದಕ್ಕೆ ಬಂದೆ. ಬಾಗಿಲಿಗೆ ಬೇವಿನ ಒಂದು ಎಲೆಯೂ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಹೊಗೆಯಿಲ್ಲ, ಘಾಟಿಲ್ಲ, ಸಾಸಿವೆ ಸಿಡಿದ ಸದ್ದಿಲ್ಲ. ಹನ್ನೊಂದು ಗಂಟೆಗೆ ಮುನಿಯಮ್ಮನ ಮನೆಯಲ್ಲಿ ಒಗ್ಗರಣೆ ಇಲ್ಲ!

ಈ ಸಲ ನಾನು ಯಾರನ್ನೂ ಕೇಳಲಿಲ್ಲ, ಬಾಗಿಲು ತಳ್ಳಿ ಒಳಗೆ ನುಗ್ಗಿದೆ. ಬೇವಿನ ಸೊಪ್ಪೆಲ್ಲ ಒಳಗಿತ್ತು. ಚಾಪೆಯ ಮೇಲೆ ಹಾಸಿ ಅದರ ಮೇಲೆ ಶೋಭಾಳನ್ನು ಮಲಗಿಸಿದ್ದರು. ಮೈಯೆಲ್ಲ ಕೆಂಪು. ಅದಲ್ಲ ನನ್ನನ್ನು ಹೆದರಿಸಿದ್ದು. ಮಗುವಿನ ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು, ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ದಡಾರ ಎದೆಗೆ ಇಳಿದಿತ್ತು.

"ಯಾಕೆ ಹೇಳಿ ಕಳಿಸಲಿಲ್ಲ?" ಎಂದು ಕಿರುಚಿದೆ.

ಸೊಸೆ ರತ್ನ ಗೋಡೆಗೆ ಒರಗಿ ಕೂತಿದ್ದಳು. ಅವಳ ಗಂಡ ಗಾರೆ ಕೆಲಸದವನು. ಬಿಟಿಎಂ ಲೇಔಟಿನಲ್ಲಿ ಹೊಸ ಮನೆಗಳು ಏಳುತ್ತಿದ್ದವು, ಅಲ್ಲಿಗೆ ಹೋಗಿದ್ದ. "ಬಾಗಿಲಿಗೆ ಬೇವು ಕಟ್ಟಿದ್ರೆ ನೀವು ಜೀಪು ತರ್ತೀರಿ, ಮಗೂನ ಎತ್ಕೊಂಡು ಹೋಗ್ತೀರಿ ಅಂತ ಅತ್ತೆ ಹೆದರ್ಕೊಂಡ್ರು ಸಿಸ್ಟರ್" ಎಂದಳು.

ನನ್ನ ತಮಾಷೆ! ನಾನು ನಗಿಸಲು ಆಡಿದ ಮಾತನ್ನು ಆ ಮುದುಕಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಅಂದು ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ಯಾರ ಮೇಲೂ ಬಂದಿಲ್ಲ.

"ಅಜ್ಜಿ, ಈಗಲೇ ಆಸ್ಪತ್ರೆಗೆ ಹೋಗ್ಬೇಕು. ಸಂಜೆವರೆಗೂ ಕಾಯೋಕಾಗಲ್ಲ."

"ಅಮ್ಮ ಮೈಮ್ಯಾಲೆ ಇರೋವಾಗ ಹೊಸ್ಲು ದಾಟಿಸ್ಬಾರ್ದು ಕಣೇ. ದಾಟಿಸಿದ್ರೆ ಕರ್ಕೊಂಡೇ ಓಗ್ಬಿಡ್ತಾಳೆ" ಎಂದಳು ಮುನಿಯಮ್ಮ. ಹಟವಲ್ಲ ಅದು, ಭಯ. ತನ್ನ ಇಬ್ಬರು ಮಕ್ಕಳನ್ನು ಹೀಗೇ ಕಳೆದುಕೊಂಡಿದ್ದಳು ಎಂದು ನನಗೆ ಆಮೇಲೆ ಗೊತ್ತಾಯಿತು.

ನಾನು ಮೊದಲು ವಾದ ಮಾಡಿದೆ. ಶ್ವಾಸಕೋಶ, ಸೋಂಕು ಎಂದು ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಆ ಚಾಪೆಯ ಪಕ್ಕ ನಿಂತು ಪಾಠ ಮಾಡಿದೆ, ನಾಚಿಕೆಯಾಗುತ್ತದೆ. ಮುನಿಯಮ್ಮ ತಲೆ ಅಲ್ಲಾಡಿಸುತ್ತಲೇ ಇದ್ದಳು. ಆಗ ನಂಜುಂಡಯ್ಯನವರು ಅದೇ ಮನೆಯಲ್ಲಿ ಮುದ್ದೆ ಕೇಳಿದ್ದು ನೆನಪಾಯಿತು. ನೆಲದ ಮೇಲೆ ಅವಳ ಪಕ್ಕ ಕೂತೆ.

"ಅಜ್ಜಿ, ಅಮ್ಮನ್ನ ಬಿಟ್ಟು ಹೋಗೋದು ಬೇಡ. ಕರ್ಕೊಂಡೇ ಹೋಗೋಣ. ಸೊಪ್ಪಿನ ಸಮೇತ ಮಗು ಎತ್ಕೊಳ್ಳಿ. ಅಲ್ಲೂ ನಿಮ್ಮ ಶಾಸ್ತ್ರ ನಡೀಲಿ, ಯಾರೂ ತಡೀದಿರೋ ಹಾಗೆ ನಾನು ನೋಡ್ಕೋತೀನಿ. ಉಸಿರು ಕೊಡೋದು ಮಾತ್ರ ಅವರು ಕೊಡ್ಲಿ."

ಅಷ್ಟರಲ್ಲಿ ರತ್ನ ಎದ್ದಳು. ಸೊಪ್ಪು ಸಮೇತ ಮಗುವನ್ನು ಸೀರೆಯಲ್ಲಿ ಸುತ್ತಿಕೊಂಡು, "ಅತ್ತೆ, ನಾನು ಹೊರಟೆ" ಎಂದಳು. ಅತ್ತೆಯ ಮುಂದೆ ದನಿ ಎತ್ತಿ ಮಾತನಾಡಿದ್ದನ್ನು ನಾನು ಕಂಡಿರದ ಹುಡುಗಿ! ಹೊಸಿಲು ದಾಟಿಯೇ ಬಿಟ್ಟಳು. ನಾನು ಆಟೋಗೆ ಓಡಿದೆ. ತಿರುಗಿ ಬಂದು ನೋಡಿದರೆ ಮುನಿಯಮ್ಮ ಹಿತ್ತಿಲಿನ ಬೇವಿನ ಮರದಿಂದ ದೊಡ್ಡ ಕೊಂಬೆ ಮುರಿದುಕೊಂಡು ಬೀದಿಯಲ್ಲಿ ನಿಂತಿದ್ದಳು. ಆಟೋದಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂತವಳು ಅವಳೇ.

ವಾರ್ಡಿನಲ್ಲಿ ನರ್ಸಮ್ಮ, "ಇದೇನ್ರೀ ಕಸ, ಆಚೆ ಹಾಕಿ" ಎಂದು ಕೊಂಬೆಗೆ ಕೈ ಹಾಕಿದರು. ನಾನು ಅಡ್ಡ ನಿಂತೆ. ನನ್ನ ಐಸಿನ ಡಬ್ಬಿ ತೋರಿಸಿ, ನಾನೂ ಇದೇ ಇಲಾಖೆಯವಳು ಎಂದು ಹೇಳಿ, ಕೈ ಮುಗಿದೆ. ಡಾಕ್ಟರು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ತಲೆ ಎತ್ತದೆ, "ಇರ್ಲಿ ಬಿಡಿ, ಮಂಚದ ಕೆಳಗಿಡಿ. ಆಕ್ಸಿಜನ್ ತನ್ನಿ ಮೊದಲು" ಎಂದರು. ಮೂರು ದಿನ ಬೇವು ಮಂಚದ ಕೆಳಗಿತ್ತು, ಮೇಲೆ ಆಕ್ಸಿಜನ್ನು, ಪೆನಿಸಿಲಿನ್ನು. ನಾನು ದಿನಾ ಸುತ್ತು ಮುಗಿಸಿ ಅಲ್ಲಿಗೆ ಓಡುತ್ತಿದ್ದೆ. ನಾಲ್ಕನೇ ದಿನ ಹೋದಾಗ ಶೋಭಾ ಕೂತುಕೊಂಡು ಬೇವಿನ ಎಲೆ ಕಿತ್ತು ಕಿತ್ತು ನೆಲಕ್ಕೆ ಎಸೆಯುತ್ತಿದ್ದಳು. ವಾರ್ಡಿನಲ್ಲೇ ಜೋರಾಗಿ ಅತ್ತುಬಿಟ್ಟೆ. ನರ್ಸಮ್ಮ ನನಗೇ ನೀರು ಕೊಟ್ಟರು.

ಅಮ್ಮನನ್ನು ಕಳಿಸಿಕೊಡಲು ಮಗುವಿಗೆ ಅರಿಶಿನ ಬೇವಿನ ನೀರು ಹಾಕುವ ದಿನ ಮುನಿಯಮ್ಮ ಹೇಳಿ ಕಳಿಸಿದಳು. ಹೋದೆ. ಒಲೆಯ ಮೇಲೆ ಬಾಂಡ್ಲಿ ಇತ್ತು, ಎಣ್ಣೆ ಇನ್ನೂ ಹಾಕಿರಲಿಲ್ಲ. "ನೀನು ಬರ್ಲಿ ಅಂತ ಕಾಯ್ತಿದ್ದೆ" ಎಂದು ಎಣ್ಣೆ ಸುರಿದಳು. ಸಾಸಿವೆ ಸಿಡಿಯಿತು, ಮೆಣಸಿನಕಾಯಿ ಬಿತ್ತು, ನಾನು ಸೀನಿದೆ. ಶೋಭಾ ಕೇಕೆ ಹಾಕಿ ನಕ್ಕಳು.

ಉಂಡಾದ ಮೇಲೆ ಮುನಿಯಮ್ಮ ಮೆಲ್ಲಗೆ ಕೇಳಿದಳು. "ಆ ದಡಾರದ ಸೂಜಿ ಆಕಿದ್ರೆ ಅಮ್ಮ ಬರೋದೇ ಇಲ್ವಾ?"

"ಹೆಚ್ಚಿನ ಮಕ್ಕಳಿಗೆ ಬರಲ್ಲ ಅಜ್ಜಿ. ಎಲ್ಲೋ ಒಂದು ಮಗುಗೆ ಬಂದ್ರೂ ಇಷ್ಟು ಜೋರಾಗಿ ಇರಲ್ಲ."

ಅವಳು ಶೋಭಾಳ ಬಾಯಿ ಒರೆಸಿದಳು. "ಅಂಗಾದ್ರೆ ಅದು ತಡ್ಯೋದಲ್ಲ ಬುಡು. ಬಂದ್ರೆ ಮೆತ್ತಗೆ ಬಾ, ಮೆತ್ತಗೆ ಓಗು ತಾಯಿ ಅಂತ ಕೇಳ್ಕೊಳ್ಳೋದು" ಎಂದಳು. ನಮ್ಮ ಇಲಾಖೆಯ ಯಾವ ಭಿತ್ತಿಪತ್ರದಲ್ಲೂ ನಾನು ಇಂಥ ಮಾತು ಓದಿಲ್ಲ. ಮುಂದೆ ಎಷ್ಟೋ ಮನೆಗಳಲ್ಲಿ ನಾನು ಹೇಳಿದ್ದು ಅವಳ ಈ ಮಾತನ್ನೇ.

ಮುಂದಿನ ಬುಧವಾರ ಐಸಿನ ಡಬ್ಬಿ ಹೊತ್ತು ಆ ಬೀದಿಯ ತಿರುವಿಗೆ ಬಂದವಳು ಗಕ್ಕನೆ ನಿಂತೆ. ಹನ್ನೊಂದು ಬಾಗಿಲಿಗೂ ಬೇವಿನ ಸೊಪ್ಪು! ಆದರೆ ಪ್ರತಿ ಜಗಲಿಯ ಮೇಲೂ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವುಗಳ ಅಂಗಿಯ ತೋಳು ಮೇಲೇರಿಸಿ ಕೂತಿದ್ದರು. ಹನ್ನೊಂದು ಮನೆಯಿಂದಲೂ ಬೆಳ್ಳುಳ್ಳಿ ಒಗ್ಗರಣೆಯ ಘಾಟು ಬೀದಿಗೆ ನುಗ್ಗುತ್ತಿತ್ತು.

ಮುನಿಯಮ್ಮ ಶೋಭಾಳನ್ನು ಕಂಕುಳಲ್ಲಿ ಎತ್ತಿಕೊಂಡು ಎದುರಿಗೆ ಬಂದಳು.

"ಬೇವೂ ಕಟ್ಟಿದೀವಿ, ಒಗ್ಗರಣೇನೂ ಆಕಿದೀವಿ. ಯಾವ್ದನ್ನ ನಂಬ್ತೀಯೋ ನಂಬು ದಾಕಮ್ಮ."

ನಾನು ಸೀನುತ್ತಲೇ ಡಬ್ಬಿಯ ಮುಚ್ಚಳ ತೆಗೆದೆ.